ಆನೆ ಹತ್ತಿ ಹಾಲಿವುಡ್‌ಗೆ ಹೋದ ಹುಡುಗ!

ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನಲ್ಲಿ ಹುಣಸೂರು ಕಡೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಅಕ್ಕನ ಮಗ. ವಯಸ್ಸು ಹತ್ತೊಂಬತ್ತು. ತಲೆಗೂದಲಿಗೆ ಬಣ್ಣ, ಕೈಯಲ್ಲಿ ಮೊಬೈಲು, ಕಣ್ಣಲ್ಲಿ ಗಾಂಧಿನಗರ!

ಹಿಂದಿನ ರಾತ್ರಿ ಅಕ್ಕ ಅಕ್ಕಿರೊಟ್ಟಿ ಬಡಿಸುತ್ತಾ ಹೇಳಿದ್ದಳು: "ಇವ್ನು ಕಾಲೇಜು ಬಿಟ್ಟು ಬೆಂಗಳೂರಿಗೆ ಹೋಗಿ ಹೀರೋ ಆಗ್ತಾನಂತೆ ಕಣೋ. ನೀನೇ ಸ್ವಲ್ಪ ಬುದ್ಧಿ ಹೇಳು. ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ಆ ಕೊನೆಯ ಮಾತು ಚುಚ್ಚಿತು. ನಿಜ, ಓದುಗ ಮಿತ್ರರೇ. ಇದೇ ವಯಸ್ಸಿನಲ್ಲಿ ನಾನೂ ಮನೆಯಲ್ಲಿ ಹೇಳದೆ ಬಸ್ಸು ಹತ್ತಿದವನು. ಎರಡು ವರ್ಷದಲ್ಲಿ ಎರಡು ಚಿತ್ರ. ಒಂದರಲ್ಲಿ ಗುಂಪಿನ ಹಿಂದೆ ನನ್ನ ಬೆನ್ನು ಕಾಣುತ್ತದೆ. ಇನ್ನೊಂದರಲ್ಲಿ ಅದೂ ಇಲ್ಲ! ಇಂಥವನು ಯಾವ ಬಾಯಲ್ಲಿ ಬುದ್ಧಿ ಹೇಳಬೇಕು? ಅದಕ್ಕೇ, "ಬಾರೋ, ಆನೆ ನೋಡಿಕೊಂಡು ಬರೋಣ" ಎಂದು ಹುಡುಗನನ್ನು ಎಬ್ಬಿಸಿಕೊಂಡು ಹೊರಟಿದ್ದೆ.

ತಿತಿಮತಿ ದಾಟುತ್ತಿದ್ದಂತೆ ಕಾಫಿ ತೋಟ ಹಿಂದಾಯಿತು. ಎರಡೂ ಕಡೆ ಕಾಡು. ಕಿಟಕಿಯಿಂದ ತಣ್ಣನೆ ಗಾಳಿ, ಹಸಿ ಮಣ್ಣಿನ ವಾಸನೆ. ರಾಜೇಂದ್ರಸಿಂಗ್ ಬಾಬು ಅವರ 'ನಾಗರಹೊಳೆ' ನೋಡಿದವರಿಗೆ ಈ ಕಾಡನ್ನು ಬೇರೆ ಪರಿಚಯಿಸಬೇಕಿಲ್ಲ. ಈ ಬದಿ ಕೊಡಗು, ಆ ಬದಿ ಮೈಸೂರು ಜಿಲ್ಲೆ. ಗಡಿ ಇರುವುದು ನಮಗೆ, ಆನೆಗಳಿಗಲ್ಲ.

ಮತ್ತಿಗೋಡು ಆನೆ ಶಿಬಿರ ಇರುವುದು ಈ ರಸ್ತೆಯಲ್ಲೇ. 2020ರಿಂದ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಈ ಶಿಬಿರದವನು. ನಾವು ಹೋದಾಗ ಮಾವುತರು, ಕಾವಾಡಿಗಳು ಆನೆಗಳ ಮೈ ತಿಕ್ಕುತ್ತಿದ್ದರು. ನಮ್ಮ ಹುಡುಗ ಬೆನ್ನು ತಿರುಗಿಸಿ ಸೆಲ್ಫಿ ಹೊಡೆದದ್ದೇ ಹೊಡೆದದ್ದು. ಅಷ್ಟರಲ್ಲಿ ಹತ್ತು ವರ್ಷದ ಒಬ್ಬ ಪೋರ, ಕಾವಾಡಿಯ ಮಗನಿರಬೇಕು, ಒಂದು ಆನೆಯ ಕಾಲ ಮೇಲೆ ಕಾಲಿಟ್ಟು ಸರಸರನೆ ಹತ್ತಿ ಕುತ್ತಿಗೆಯ ಮೇಲೆ ಕೂತುಬಿಟ್ಟ. ಕಿವಿಯ ಹಿಂದೆ ಕಾಲ್ಬೆರಳಿನಿಂದ ಒಂದು ಸಣ್ಣ ಒತ್ತು. ಅಷ್ಟು ದೊಡ್ಡ ಪ್ರಾಣಿ ಹೇಳಿದ ಕಡೆ ತಿರುಗಿತು!

"ಅಬ್ಬಾ! ಇದನ್ನ ರೀಲ್ ಮಾಡಿ ಹಾಕಿದ್ರೆ ವರ್ಲ್ಡ್ ಫೇಮಸ್ ಆಗ್ತಾನೆ ಮಾವ" ಎಂದ ಅಳಿಯ.

"ಹಾಗೆ ಆದವನೊಬ್ಬ ಇದ್ದ. ಈ ಕಾಡಿನ ಆ ಬದಿಯವನೇ. ಸಾಬು ಅಂತ" ಎಂದೆ.

"ಯಾರು?"

ಹೂಂ… ಅವನೊಬ್ಬನಿಗೇ ಅಲ್ಲ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ!

ಲಾಯದಿಂದ ಲಂಡನ್ನಿಗೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರ. ಕಬಿನಿ ದಂಡೆಯ ಊರು. ಅಲ್ಲಿ 1924ರ ಜನವರಿ 27ರಂದು ಮಹಾರಾಜರ ಮಾವುತನೊಬ್ಬನ ಮನೆಯಲ್ಲಿ ಹುಟ್ಟಿದವನು ಸಾಬು. ಎಳೆಯ ವಯಸ್ಸಿಗೇ ತಂದೆತಾಯಿ ಇಲ್ಲವಾದರು. ಅಣ್ಣ ಶೇಖ್ ದಸ್ತಗೀರ್ ಬಿಟ್ಟರೆ ಅರಮನೆಯ ಆನೆ ಲಾಯವೇ ಗತಿ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕಳಿಸಿದ್ದ. ಕಿಪ್ಲಿಂಗ್ ಬರೆದ ತೂಮಾಯಿ ಎಂಬ ಮಾವುತರ ಹುಡುಗನ ಕಥೆ. ನಾಯಕ ಬೇಕು, ಆದರೆ ನಟ ಬೇಡ, ಆನೆಗೆ ಹೆದರದ ಹುಡುಗ ಬೇಕು! ಛಾಯಾಗ್ರಾಹಕ ಬೊರಡೈಲ್ ಕಣ್ಣಿಗೆ ಲಾಯದಲ್ಲಿ ಬಿದ್ದವನೇ ನಮ್ಮ ಸಾಬು. ಆಗ ಅವನಿಗೆ ಹನ್ನೊಂದು ವರ್ಷ.

ಎದುರಿಗೆ 'ಕಾಲಾ ನಾಗ್' ಪಾತ್ರಕ್ಕೆ ಯಾರು ಗೊತ್ತೇ? ದಸರೆಯ ಅಂಬಾರಿ ಹೊರುತ್ತಿದ್ದ ಐರಾವತ! ಕಾಕನಕೋಟೆಯ ಕಾಡಿನಲ್ಲಿ ನಿಜವಾದ ಖೆಡ್ಡಾ ನಡೆಸಿ ಕಾಡಾನೆಗಳ ಹಿಂಡನ್ನೇ ಚಿತ್ರೀಕರಿಸಿದರು. ಉಳಿದ ಭಾಗಕ್ಕಾಗಿ ಸಾಬು ಅಣ್ಣನ ಜೊತೆ ಹಡಗು ಹತ್ತಿ ಲಂಡನ್ ಬಳಿಯ ಡೆನ್ಹಮ್ ಸ್ಟುಡಿಯೋಗೆ ಹೋದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯನ್ನೂ ಪಡೆಯಿತು. ಹದಿಮೂರರ ಪೋರ ಬ್ರಿಟಿಷ್ ಬೆಳ್ಳಿತೆರೆಯ ತಾರೆಯಾಗಿದ್ದ!

ಮರುವರ್ಷ 'ದಿ ಡ್ರಮ್', ಬಣ್ಣದ ಚಿತ್ರ. ಆಮೇಲೆ 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'. ಕಳ್ಳ ಹುಡುಗ ಅಬುವಾಗಿ ಸಾಬು ಸೀಸೆಯಿಂದ ಭೂತ ಬಿಡಿಸುತ್ತಾನೆ, ಜಮಖಾನೆ ಮೇಲೆ ಹಾರುತ್ತಾನೆ. ಮೂರು ಆಸ್ಕರ್ ಬಂದ ಚಿತ್ರ. ಲಂಡನ್ನಿನಲ್ಲಿ ಶೂಟಿಂಗ್ ನಡೆಯುತ್ತಿದ್ದಾಗಲೇ ಮಹಾಯುದ್ಧ ಶುರುವಾಗಿ, ಹಾಲಿವುಡ್‌ನಲ್ಲಿ ಮುಗಿಸಬೇಕಾಯಿತು. ಸಾಬು ಅಲ್ಲೇ ಉಳಿದ.

ಪ್ಲಾಸ್ಟರಿನ ಕಾಡು

ಇಲ್ಲಿಯವರೆಗೆ ಅಳಿಯ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. "ನೋಡಿದ್ರಾ ಮಾವ! ಧೈರ್ಯ ಮಾಡಿ ಹೋದ, ಗೆದ್ದ!"

"ತಡಿಯೋ, ಇಂಟರ್‌ವಲ್ ಈಗ ಆಯ್ತು ಅಷ್ಟೆ."

1942ರಲ್ಲಿ ಅವನು 'ಜಂಗಲ್ ಬುಕ್'ನ ಮೋಗ್ಲಿಯಾದ. ನಾಗರಹೊಳೆಯ ಮಗ್ಗುಲಲ್ಲಿ ಹುಟ್ಟಿದ ಹುಡುಗನಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾಡು ಕಟ್ಟಿಕೊಟ್ಟರು. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ರಾಜಕುಮಾರನಾದ. ಆ ಹಿಮಾಲಯವನ್ನು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಬಣ್ಣ ಬಳಿದು ನಿಲ್ಲಿಸಿದ್ದರು. ನಡುವೆ ಅಮೆರಿಕದ ಪೌರತ್ವ ಪಡೆದು ವಾಯುಪಡೆ ಸೇರಿದ. ಬಿ-24 ಬಾಂಬರ್ ವಿಮಾನದ ಬಾಲದಲ್ಲಿ ಕೂತು ಪೆಸಿಫಿಕ್ ಸಾಗರದ ಮೇಲೆ ಬಂದೂಕು ಹಿಡಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಎದೆಗೇರಿತು. ತೆರೆಯ ಮೇಲಿನ ಸಾಹಸಿ ನಿಜವಾಗಿಯೂ ಸಾಹಸಿ!

ಯುದ್ಧ ಮುಗಿಸಿ ಬಂದ ವೀರನಿಗೆ ಹಾಲಿವುಡ್ ಏನು ಕೊಟ್ಟಿತು? ಮತ್ತೆ ಅದೇ ಪೇಟ, ಅದೇ ಬರಿಮೈ, ಅದೇ ಹುಲಿ, ಅದೇ ಆನೆ. ಹುಡುಗನಾಗಿದ್ದಾಗ ಮುದ್ದಾಗಿದ್ದ ವೇಷವನ್ನು ಮೂವತ್ತು ದಾಟಿದ ಮೇಲೂ ಬಿಚ್ಚಲು ಬಿಡಲಿಲ್ಲ. ಪ್ಯಾಂಟು ಕೋಟು ಹಾಕಿದ ಒಬ್ಬ ಸಾಧಾರಣ ಮನುಷ್ಯನ ಪಾತ್ರ ಅವನನ್ನು ಹುಡುಕಿಕೊಂಡು ಬರುವುದು ಅಪರೂಪವೇ ಆಯಿತು. ಚಿತ್ರಗಳು ಚಿಕ್ಕವಾದವು. ಐವತ್ತರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೆ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ಎಲ್ಲಿಂದ ಶುರುವಾಯಿತೋ ಅಲ್ಲಿಗೇ ಬಂತು ನೋಡಿ ಬದುಕು.

ಊರಿನ ಬಾಗಿಲಾದರೂ ತೆರೆಯಿತೇ? ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನೇ ಎನ್ನುತ್ತಾರೆ. ಆದರೆ ಆತ ಆಗ ಅಮೆರಿಕದ ಪ್ರಜೆ. ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲವಂತೆ. ಪಾತ್ರ ಸುನಿಲ್ ದತ್ ಪಾಲಾಯಿತು. ಕನ್ನಡ ನೆಲದ ಈ ತಾರೆ ಭಾರತದ ಒಂದೇ ಒಂದು ಚಿತ್ರದಲ್ಲೂ ನಟಿಸಲಿಲ್ಲ.

1960ರಲ್ಲಿ ಅಣ್ಣ ದಸ್ತಗೀರ್ ದರೋಡೆಯೊಂದರಲ್ಲಿ ಕೊಲೆಯಾದ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸಾಬುವೂ ಹೋದ. ವಯಸ್ಸು ಬರೀ ಮೂವತ್ತೊಂಬತ್ತು. ಸತ್ತ ಮೇಲೆ 1964ರಲ್ಲಿ ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಬಂತು. ಅದರಲ್ಲೂ ಅವನದು ಹುಲಿ ನೋಡಿಕೊಳ್ಳುವವನ ಪಾತ್ರ!

ನೀರಿನ ಕೆಳಗಿನ ನೆಲ

"ಆ ಖೆಡ್ಡಾ ನಡೆದ ಜಾಗ ನೋಡೋಣ್ವಾ ಮಾವ?"

ಏನು ನೋಡುವುದು? 1971ರ ಖೆಡ್ಡಾವೇ ಕೊನೆಯದು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಆ ಹಳೆಯ ನೆಲ ಹಿನ್ನೀರಿನಲ್ಲಿ ಮುಳುಗಿತು. ಹಾಲಿವುಡ್‌ನ ಫುಟ್‌ಪಾತಿನಲ್ಲಿ ಸಾಬು ಹೆಸರಿನ ನಕ್ಷತ್ರ ಇದೆ. ಇಲ್ಲಿ, ಅವನಂಥ ಹುಡುಗರು ಇವತ್ತಿಗೂ ಆನೆ ಹತ್ತುವ ಈ ಕಾಡಿನಂಚಿನಲ್ಲಿ, ಅವನ ಹೆಸರು ಹೇಳಿದರೆ "ಯಾರು?" ಎನ್ನುತ್ತಾರೆ.

ಆನೆ ಮೇಲಿನ ಪೋರ ಕೆಳಗಿಳಿದ. ಮಾವುತನೊಬ್ಬ ಭತ್ತದ ಹುಲ್ಲಿನಲ್ಲಿ ಬೆಲ್ಲ, ತೆಂಗಿನಕಾಯಿ ಇಟ್ಟು ಕುಸುರೆ ಕಟ್ಟುತ್ತಿದ್ದ. ಪೋರ ಓಡಿ ಬಂದು ಒಂದು ಚೂರು ಬೆಲ್ಲ ಎಗರಿಸಿದ. "ಲೇ, ಅದು ಅವನ ಪಾಲು ಕಣೋ!" ಎಂದು ಮಾವುತ ಗದರಿದ.

ವಾಪಸು ಬಸ್ಸಿನಲ್ಲಿ ಅಳಿಯ ಮೊಬೈಲ್ ತೆಗೆಯಲೇ ಇಲ್ಲ. ತಿತಿಮತಿ ಬಂದಾಗ ಮೆಲ್ಲಗೆ ಕೇಳಿದ:

"ಅವ್ನಿಗೆ ಆನೆ ಓಡಿಸೋದಾದ್ರೂ ಬರ್ತಿತ್ತು. ನನಗೇನು ಬರುತ್ತೆ ಮಾವ?"

ನಾನು ಹತ್ತೊಂಬತ್ತರಲ್ಲಿ ಬಸ್ಸು ಹತ್ತುವ ಮೊದಲು ಕೇಳಿಕೊಳ್ಳದೇ ಹೋದ ಪ್ರಶ್ನೆ! "ಅದನ್ನ ನೀನೇ ಹುಡುಕ್ಕೋ. ಸಿಕ್ಕಿದ ಮೇಲೆ ಬೆಂಗಳೂರಿಗೆ ಹೋಗು. ಬಸ್ ಚಾರ್ಜು ನಾನೇ ಕೊಡ್ತೀನಿ" ಎಂದೆ.

ರಾತ್ರಿ ಅಕ್ಕ ಕೇಳಿದಳು, "ಬುದ್ಧಿ ಹೇಳಿದ್ಯೇನೋ?"

"ಒಂದು ಕಥೆ ಹೇಳಿದೆ ಅಕ್ಕ."

ಒಳಗಿನ ಕೋಣೆಯಲ್ಲಿ ಮೊಬೈಲಿನ ಬೆಳಕಿತ್ತು. ಇಣುಕಿ ನೋಡಿದೆ. ಕಪ್ಪು ಬಿಳುಪು ಚಿತ್ರ. ಐರಾವತನ ಕುತ್ತಿಗೆಯ ಮೇಲೆ ಕಾರಾಪುರದ ಹುಡುಗ ಬಾಯಿ ತುಂಬ ನಗುತ್ತಿದ್ದ.