ಕೈಗಡಿಯಾರ ಎಣಿಸದ ದಂಡ

ಜತ್ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ನಾವು ನಾಲ್ಕು ಜನ ಶಿಕ್ಷಕರು. ನಾಲ್ವರೂ ನಲವತ್ತು ದಾಟಿದವರು. ಒಂದನೇ ಇಯತ್ತೆಯ ಅಕ್ಕೋರಿಗಂತೂ ಐವತ್ತೆರಡು. ಈಗ ವಾರಕ್ಕೆ ಮೂರು ದಿನ ಪ್ರಾರ್ಥನೆಗೆ ಅರ್ಧ ತಾಸು ಮೊದಲೇ ಬಂದು, ಖಾಲಿ ಕೋಣೆಯೊಂದರಲ್ಲಿ ಸಾಮು ಮಾಡುತ್ತೇವೆ. ನಗಬೇಡಿ! ಅಕ್ಕೋರ ಕೈಯಲ್ಲಿ ಸ್ಮಾರ್ಟ್‌ವಾಚ್ ಕಂಡ ಪಾಲಕರೂ ಹಳೆಯ ವಿದ್ಯಾರ್ಥಿಗಳೂ "ಯಾವ ಆ್ಯಪ್ ಹಾಕ್ಕೊಂಡೀರಿ?" ಎಂದು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದುಬಿಡೋಣ ಎನಿಸಿತು.

ಇದೆಲ್ಲ ಶುರುವಾಗಿದ್ದು ಅಕ್ಕೋರ ಮೊಣಕಾಲಿನಿಂದ. ಒಂದನೇ ಇಯತ್ತೆ ಎಂದರೆ ಜಮಖಾನೆಯ ಮೇಲೆ ಮಕ್ಕಳ ಜೊತೆ ಕೂರಬೇಕು, ಕೈ ಹಿಡಿದು ತಿದ್ದಿಸಬೇಕು, ಮತ್ತೆ ಏಳಬೇಕು. ದಿನಕ್ಕೆ ನಲವತ್ತು ಸಲವಾದರೂ ಆದೀತು. ಹೋದ ವರ್ಷ ದೀಪಾವಳಿ ರಜೆ ಮುಗಿದು ಬಂದವರೇ, "ಇನ್ನ ಮುಂದ ನನಗ ಐದನೇ ಇಯತ್ತೆ ಕೊಡ್ರಿ. ಖುರ್ಚಿ ಮ್ಯಾಲ ಕೂತ ಕಲಸ್ತೀನಿ. ನೆಲದ ಮ್ಯಾಲಿಂದ ಏಳಾಕ ಆಗವಲ್ದು" ಎಂದರು. ನಮಗೆ ಎದೆ ಧಸಕ್ಕೆಂದಿತು. ಗಡಿಯ ಶಾಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗುವನ್ನು ಕನ್ನಡ ಶಾಲೆಯಲ್ಲಿ ಇಡಬೇಕೋ, ಮರಾಠಿಗೋ ಇಂಗ್ಲಿಷಿಗೋ ಕಳಿಸಬೇಕೋ ಎಂದು ಪಾಲಕರು ತೀರ್ಮಾನಿಸುವುದೇ ಆ ಮೊದಲ ಇಯತ್ತೆಯಲ್ಲಿ. ನಮ್ಮೂರಿನಲ್ಲಿ ಅವರು ಅಕ್ಕೋರ ಮುಖ ನೋಡಿ ಕಳಿಸುತ್ತಾರೆ, ನಮ್ಮ ಮುಖ ನೋಡಿ ಅಲ್ಲ.

ಮಿರಜದ ಡಾಕ್ಟರು ಕಾಲು ಪರೀಕ್ಷಿಸಿ, ಕೀಲಿಗಿಂತ ಹೆಚ್ಚಾಗಿ ತೊಡೆಯ ಬಲ ಕುಗ್ಗಿದೆ ಎಂದರಂತೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಬರೀ ನಡೆದರೆ ಅದು ತಿರುಗಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ. ಡಾಕ್ಟರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ಕೊಟ್ಟು, "ಎಷ್ಟು ಮಾಡಿದಿರಿ ಎಂದು ಬರೆದಿಟ್ಟು ತಿಂಗಳಿಗೊಮ್ಮೆ ತೋರಿಸಿ" ಎಂದರು. ಬರೆದಿಡುವುದೆಂದರೆ ಶಿಕ್ಷಕರಿಗೆ ಗೊತ್ತೇ ಇದೆಯಲ್ಲ... ಈಗಾಗಲೇ ಹಾಜರಿ, ಬಿಸಿಯೂಟ, ಆನ್‌ಲೈನ್ ಮಾಹಿತಿ ಎಲ್ಲ ಬರೆದೂ ಬರೆದೂ ಸಾಕಾಗಿತ್ತು. ಆಗ ಕೈಗಡಿಯಾರದ ಮಾತು ಬಂತು.

ನಮ್ಮಲ್ಲೊಬ್ಬರ ಮಗ ಮೊದಲೇ ಎರಡು ಸಾವಿರದೊಳಗಿನ ಗಡಿಯಾರವೊಂದನ್ನು ತರಿಸಿಕೊಟ್ಟಿದ್ದ. ಹೆಜ್ಜೆ ಎಣಿಸುತ್ತದೆ, ಗಂಟೆ ತೋರಿಸುತ್ತದೆ, ಆದರೆ ಕನ್ನಡದ ಸಂದೇಶ ಬಂದರೆ ಬರೀ ಚೌಕ ಚೌಕ! ಅಂಥ ಅಗ್ಗದ ಗಡಿಯಾರಗಳಲ್ಲಿ ಹೊರಗಿನ ಆ್ಯಪ್ ಹಾಕಲು ಬರುವುದಿಲ್ಲ. ಕಂಪನಿ ಕೊಟ್ಟಿದ್ದೇ ಗತಿ. ಅದರಲ್ಲಿ 'ಸ್ಟ್ರೆಂಗ್ತ್ ಟ್ರೇನಿಂಗ್' ಎಂಬ ಚಿತ್ರ ಒತ್ತಿದರೆ ಎಷ್ಟು ನಿಮಿಷ, ಎದೆಬಡಿತ ಎಷ್ಟು ಎಂದಷ್ಟೇ ಸಿಗುತ್ತದೆ. ಏನು ಮಾಡಿದಿರಿ, ಎಷ್ಟು ಸಲ ಮಾಡಿದಿರಿ ಎಂಬುದು ಇರುವುದಿಲ್ಲ. ಬೇರೆ ಆ್ಯಪ್ ಬೇಕೆಂದರೆ ವೇರ್ ಓಎಸ್ ಇರುವ ಗಡಿಯಾರ ಬೇಕು. ಸ್ಯಾಮ್‌ಸಂಗಿನವು 2021ರ ಗ್ಯಾಲಕ್ಸಿ ವಾಚ್ 4ರಿಂದ ಈಚೆಗೆ ಅದರ ಮೇಲೆಯೇ ನಡೆಯುತ್ತವೆ. ಆ್ಯಪಲ್ ವಾಚ್ ಆದರೆ ಐಫೋನೇ ಬೇಕು, ನಮ್ಮ ಪಗಾರಕ್ಕೆ ಅದು ದೂರದ ಮಾತು. ಪುಣೆಯಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ತಾನು ಹೊಸದು ಕೊಂಡಾಗ ಹಳೆಯ ವೇರ್ ಓಎಸ್ ಗಡಿಯಾರವನ್ನು ಅಕ್ಕೋರಿಗೆ ತಂದುಕೊಟ್ಟ. ಹುಡುಗ ಊರಿನ ತಾಲೀಮಿನಲ್ಲಿ ಬೆಳೆದವನು. ಪರೀಕ್ಷೆಗೆ ಅವನೇ ಕುಸ್ತಿಪಟು.

ಮೊದಲು ತಾನಾಗಿ ಎಣಿಸುವ ವ್ಯವಸ್ಥೆಯನ್ನು ನೋಡಿದೆವು. ಕೈ ಬೀಸಿಕೊಂಡು 20 ಬೈಠಕ್ ಹೊಡೆದ, 19 ತೋರಿಸಿತು. ಭಲೇ ಎಂದೆವು. ಆಮೇಲೆ 20 ದಂಡ ಹೊಡೆದ, ಗಡಿಯಾರ 3 ಎಂದಿತು! ಎಲ್ಲರೂ ನಕ್ಕೆವು. ಯೋಚಿಸಿದರೆ ಅದರ ತಪ್ಪೇನಿಲ್ಲ. ಗಡಿಯಾರದೊಳಗಿನ ಸಂವೇದಕ ಅಳೆಯುವುದು ಮುಂಗೈಯ ಚಲನೆಯನ್ನು. ದಂಡದಲ್ಲಿ ಅಂಗೈ ನೆಲಕ್ಕೆ ಊರಿರುತ್ತದೆ, ಎದೆ ಸೊಂಟ ಹಾವಿನಂತೆ ಹೋಗಿ ಬರುತ್ತವೆ, ಮುಂಗೈ ಮಾತ್ರ ಇದ್ದಲ್ಲೇ ಇರುತ್ತದೆ. ಹುಡುಗ ಬೆವರು ಒರೆಸಿಕೊಳ್ಳುತ್ತಾ, "ಸರ್ರ, ಇದು ಕೈ ನೋಡ್ತೈತಿ, ಎದಿ ನೋಡಂಗಿಲ್ಲ" ಎಂದ. ಇದಕ್ಕಿಂತ ಚೆನ್ನಾಗಿ ನಮಗೂ ವಿವರಿಸಲು ಬರುತ್ತಿರಲಿಲ್ಲ.

ಎದೆಬಡಿತದ ಕಥೆಯೂ ಹೆಚ್ಚುಕಡಿಮೆ ಇದೇ. ಗಡಿಯಾರದ ಹಿಂದಿನ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ನೋಡುತ್ತದೆ. ಭಾರ ಹಿಡಿದು ಮುಷ್ಟಿ ಬಿಗಿದಾಗ, ಮಣಿಕಟ್ಟು ಬಾಗಿದಾಗ ಆ ಅಳತೆ ತಪ್ಪುತ್ತದೆ. ಅದರ ಮೇಲೆ ಕಟ್ಟಿದ ಕ್ಯಾಲೊರಿ ಲೆಕ್ಕವನ್ನು ನಾವಂತೂ ನೋಡುವುದೇ ಇಲ್ಲ.

ಹೀಗಾಗಿ ತಾನೇ ಎಣಿಸುತ್ತೇನೆ ಎಂದು ಹೇಳಿಕೊಳ್ಳುವ ಆ್ಯಪ್‌ಗಿಂತ, ನಾವು ಎಣಿಸಿದ್ದನ್ನು ಸುಲಭವಾಗಿ ಬರೆದುಕೊಳ್ಳುವ ಆ್ಯಪೇ ಬೇಕೆಂದು ನಿರ್ಧರಿಸಿದೆವು. ಸ್ಟ್ರಾಂಗ್, ಹೆವಿ ಎಂಬವು ಈ ಜಾತಿಯವು. ಎರಡರಲ್ಲೂ ಹಿಂದಿನ ಸಲ ಎಷ್ಟು ಮಾಡಿದ್ದಿರಿ ಎಂಬುದು ಈ ಸಲದ ಅಂಕಿಯ ಪಕ್ಕದಲ್ಲೇ ಕಾಣುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬಲದ ವ್ಯಾಯಾಮಕ್ಕೆ ಮುಖ್ಯವಾಗಿ ಬೇಕಾದದ್ದು ಅದೇ. ಮೊನ್ನೆ ಎಂಟಾಗಿದ್ದರೆ ಇವತ್ತು ಒಂಬತ್ತು, ಅಷ್ಟಾದರೆ ಬಲ ಏರಿದಂತೆ. ಗಡಿಯಾರ ಇನ್ನೊಂದು ಉಪಕಾರ ಮಾಡುತ್ತದೆ. ಒಂದು ಸರದಿ ಮುಗಿದ ಮೇಲೆ ವಿಶ್ರಾಂತಿಯ ಹೊತ್ತು ತೀರಿದ ಕೂಡಲೇ ಕೈಯಲ್ಲಿ ನಡುಗುತ್ತದೆ. ಶಿಕ್ಷಕರು ನಾಲ್ಕು ಜನ ಸೇರಿದರೆ ಒಂದು ನಿಮಿಷದ ವಿಶ್ರಾಂತಿ ಹದಿನೈದು ನಿಮಿಷದ ಹರಟೆಯಾಗುತ್ತದೆ ಎಂಬುದು ಅದಕ್ಕೆ ಹೇಗೆ ತಿಳಿಯಿತೋ!

ನಾವು ಹೆವಿಯನ್ನೇ ಇಟ್ಟುಕೊಂಡೆವು. ಅದು ವೇರ್ ಓಎಸ್ ಗಡಿಯಾರದಲ್ಲೂ ನಡೆಯುತ್ತದೆ. ಗಡಿಯಾರ ಇಲ್ಲದ ನಾವು ಮೂವರು ಮೊಬೈಲಿನಲ್ಲೇ ಬರೆಯುತ್ತೇವೆ. ಆ್ಯಪನ್ನು ನಾವು ಇಂಗ್ಲಿಷಿನಲ್ಲೇ ಬಳಸುತ್ತೇವೆ, ಅದೊಂದು ಕೊರತೆ. ಆದರೆ ಸ್ವಂತ ವ್ಯಾಯಾಮ ಸೇರಿಸುವ ಜಾಗದಲ್ಲಿ ಕನ್ನಡದಲ್ಲೇ ಹೆಸರು ಬರೆಯಬಹುದು. ಪುಕ್ಕಟೆ ಬಳಸುವವರಿಗೆ ಇಂಥ ಸ್ವಂತ ಹೆಸರು ಬೆರಳೆಣಿಕೆಯಷ್ಟೇ ಸಿಗುತ್ತವೆ, ಆದ್ದರಿಂದ ಆರಿಸಿ ಬರೆಯಬೇಕು. ನಮ್ಮ ಪಟ್ಟಿ ಇದು: ದಂಡ, ಬೈಠಕ್, ಕುರ್ಚಿ ಬೈಠಕ್, ಗದೆ, ಕ್ಯಾನ್ ಎತ್ತುವುದು. ಕ್ಯಾನ್ ಎಂದರೆ ಬಿಸಿಯೂಟದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು. ನೀರು ತುಂಬಿದರೆ ಸರಿಯಾಗಿ ಐದು ಕಿಲೋ, ತೂಕದ ಕಲ್ಲೇ ಬೇಡ. (ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಪೌಂಡ್ ಇದೆಯೋ ಕಿಲೋ ಇದೆಯೋ ನೋಡಿಕೊಳ್ಳಿ.)

ಅಕ್ಕೋರು ಕುರ್ಚಿ ಬೈಠಕ್ ಮಾಡುವಾಗ ಬೇಗ ಬಂದ ಒಂದನೇ ಇಯತ್ತೆಯ ಮಕ್ಕಳು ಸುತ್ತ ನಿಂತು ಜೋರಾಗಿ ಎಣಿಸುತ್ತವೆ. ಹತ್ತರ ತನಕ ಸರಿ, ಆಮೇಲೆ ಹನ್ನೆರಡರಿಂದ ನೇರ ಹದಿನಾಲ್ಕಕ್ಕೆ ಜಿಗಿತ. ಅಕ್ಕೋರು ಏದುಸಿರು ಬಿಡುತ್ತಲೇ "ಹದಿಮೂರು ಎಲ್ಲಿ ಹೋತೋ?" ಎಂದು ಕೇಳುತ್ತಾರೆ. ಊರ ತಾಲೀಮಿನ ವಸ್ತಾದರು ಹುಣಸೆ ಬೀಜ ಇಟ್ಟುಕೊಂಡು ದಂಡ ಎಣಿಸುತ್ತಿದ್ದರು. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಿಂದ ಕುಸ್ತಿಯ ಕಂಚು ತಂದದ್ದೂ ಇಂಥ ಮಣ್ಣಿನ ತಾಲೀಮಿನಲ್ಲಿ ಬೆಳೆದೇ. ಇರಲಿ, ಅವರ ಸಮಕ್ಕೆ ನಮ್ಮನ್ನು ನಿಲ್ಲಿಸಬೇಡಿ.

ಆ್ಯಪ್ ಆರಿಸುವಾಗ ಇನ್ನೊಂದನ್ನು ನೋಡಲೇಬೇಕು: ಬರೆದ ಲೆಕ್ಕವನ್ನು ಹೊರಗೆ ತೆಗೆದುಕೊಳ್ಳಲು ಬರುತ್ತದೆಯೇ? ಗೂಗಲಿನಂಥ ಗೂಗಲೇ ತನ್ನ ಫಿಟ್ ಸೇವೆಗೆ ಬೇರೆ ಆ್ಯಪ್‌ಗಳು ಹೊಸದಾಗಿ ಸೇರುವುದನ್ನು 2024ರ ಮೇ ತಿಂಗಳಿಂದ ನಿಲ್ಲಿಸಿತು. ಇವತ್ತು ಇರುವ ಆ್ಯಪ್ ನಾಳೆ ಇರುತ್ತದೆಂದು ಯಾರು ಹೇಳಬೇಕು? ಹೆವಿ, ಸ್ಟ್ರಾಂಗ್ ಎರಡೂ ಸಿಎಸ್‌ವಿ ಕಡತವಾಗಿ ಎಲ್ಲವನ್ನೂ ಕೊಡುತ್ತವೆ. ಆ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಹೆಸರುಗಳು ಕೆಲವೊಮ್ಮೆ ಕಲಸುಮೇಲೋಗರವಾಗುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ತೆರೆದರೆ ಅಕ್ಷರ ಸರಿಯಾಗಿ ಬರುತ್ತವೆ. ಅಲ್ಲಿಂದಲೇ ಪ್ರಿಂಟ್ ತೆಗೆದು ಅಕ್ಕೋರು ಮಿರಜಕ್ಕೆ ಒಯ್ಯುತ್ತಾರೆ.

ಡಾಕ್ಟರು 30 ಸೆಕೆಂಡಿನಲ್ಲಿ, ಕೈ ಎದೆಯ ಮೇಲೆ ಕಟ್ಟಿಕೊಂಡು, ಎಷ್ಟು ಸಲ ಕುರ್ಚಿಯಿಂದ ಏಳುತ್ತೀರಿ ಎಂದು ಪ್ರತಿ ಸಲ ನೋಡುತ್ತಾರೆ. ಡಿಸೆಂಬರಿನಲ್ಲಿ 6 ಇತ್ತು. ಮಾರ್ಚಿನಲ್ಲಿ 9. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ 13. ಮರಾಠಿ ಬಲ್ಲ ಡಾಕ್ಟರು ಪ್ರಿಂಟಿನ ಮೇಲೆ ಬೆರಳಿಟ್ಟು, ಈ ಕನ್ನಡ ಅಕ್ಷರ ಏನೆನ್ನುತ್ತವೆ ಎಂದು ಕೇಳಿದರಂತೆ. ಅಕ್ಕೋರು ಓದಿ ಹೇಳಿದರು. ಈ ವರ್ಷವೂ ಒಂದನೇ ಇಯತ್ತೆ ಅವರದೇ. ಮುಂದಿನ ತಿಂಗಳಿಂದ ಎದೆಗೆ ಒಂದು ಕ್ಯಾನು ಅವಚಿಕೊಂಡು ಏಳಬೇಕಂತೆ, ಅರ್ಧ ನೀರು ತುಂಬಿ.