ತಕಿಟ ತಕಿಟ ತಕ

ಕುಕ್ಕರ್ ಕೂಗುವುದನ್ನೇ ಕಾಯುತ್ತ ನಿಂತಾಗ ನನ್ನ ಬೆರಳುಗಳು ಅಡುಗೆಕಟ್ಟೆಯ ಮೇಲೆ ತಾವಾಗಿಯೇ ಆಡತೊಡಗುತ್ತವೆ. ಬಾಯಲ್ಲಿ ‘ತಕಿಟ ತಕಿಟ ತಕ’. ಮೂರು, ಮೂರು, ಎರಡು; ಒಟ್ಟು ಎಂಟು. ಎಡಗೈ ಮಾತ್ರ ಈ ಲೆಕ್ಕಕ್ಕೆ ಒಪ್ಪುವುದಿಲ್ಲ. ಅದು ಅದೇ ಎಂಟನ್ನು ನಾಲ್ಕು ನಾಲ್ಕಾಗಿ ಸೀಳಿ ಒಂದನೆಯ ಅಕ್ಷರಕ್ಕೂ ಐದನೆಯದಕ್ಕೂ ಗುದ್ದುತ್ತದೆ. ಬಲಗೈ ನಾಲ್ಕನೆಯದಕ್ಕೂ ಏಳನೆಯದಕ್ಕೂ ಚಟ್ ಎನ್ನುತ್ತದೆ. ದುಮ್… ಚಟ್‌ದುಮ್… ಚಟ್. ಎರಡೂ ಕೈ ತಾಗಿಯೂ ತಾಗದಂತೆ ಓಡುವಾಗ ನಡುವೆ ಒಂದು ತುಯ್ತ ಹುಟ್ಟುತ್ತದಲ್ಲ, ಸೊಂಟ ಅಲುಗುವುದು ಅಲ್ಲಿ.

ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗದ ಪಾಠಕ್ಕೆ ಹೋಗಿದ್ದೆ. ಈ ಲೆಕ್ಕ ಅಲ್ಲಿ ಬಾಯಿಪಾಠವಾಗಿತ್ತು. ಆದರೆ ಅದರ ಹುಚ್ಚು ಹಿಡಿದದ್ದು ಬಹಳ ದೂರದಲ್ಲಿ, 2005ರ ಚಳಿಗಾಲದಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ.

ಹಾರ್ಟ್‌ಫರ್ಡ್ ವಿಮೆ ಕಂಪನಿಗಳ ಊರು. ಅವುಗಳ ಸಾಫ್ಟ್‌ವೇರ್ ಕೆಲಸಕ್ಕೆಂದು ಬೆಂಗಳೂರಿನಿಂದ ಹೋಗಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ; ನಾನೂ ಒಬ್ಬ. ಅದೇ ಊರು ಪೋರ್ಟೊರಿಕೊದವರದ್ದೂ ಹೌದು. ಆ ಕೆರಿಬಿಯನ್ ದ್ವೀಪದಿಂದ ತಲೆಮಾರುಗಳ ಹಿಂದೆಯೇ ಬಂದವರು ಪಾರ್ಕ್ ಸ್ಟ್ರೀಟ್ ಎಂಬ ಬೀದಿಯನ್ನು ತಮ್ಮದಾಗಿಸಿಕೊಂಡಿದ್ದಾರೆ. ಬಾಳೆಕಾಯಿ, ಕೆಸುವಿನ ಗೆಡ್ಡೆ, ಮರಗೆಣಸು ಎಲ್ಲ ಸಿಗುವ ಬೀದಿ ಅದು. ನಾನು ಮೊದಲು ಅಲ್ಲಿಗೆ ಹೋದದ್ದು ಬಾಳೆಕಾಯಿಗಾಗಿ. ಆಮೇಲೆ ಕ್ಷೌರಕ್ಕಾಗಿ. ಮೂರನೆಯ ಸಲದ ಹೊತ್ತಿಗೆ ಕೂದಲು ಬೆಳೆಯುವುದನ್ನು ಕಾಯದೆ, ಹಾಡು ಕೇಳುವುದಕ್ಕೆಂದೇ ಆ ಕ್ಷೌರದಂಗಡಿಯ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆ.

ಆ ವರ್ಷ ಎಲ್ಲಿ ಹೋದರೂ ಪೋರ್ಟೊರಿಕೊದ ಗಾಯಕ ಡ್ಯಾಡಿ ಯಾಂಕಿಯ ‘ಗಸೊಲೀನಾ’. ಕಾರಿನ ಕಿಟಕಿಗಳಿಂದ ಕೂಡ ಅದೇ. ಆದರೆ ಅಂಗಡಿಯ ಯಜಮಾನನಿಗೆ ಅದರಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಕನ್ನಡಿಯ ಕೆಳಗಿನ ಡ್ರಾದಲ್ಲಿ ಅವನು ತೊಂಬತ್ತರ ದಶಕದ ಕ್ಯಾಸೆಟ್‌ಗಳನ್ನು ಜೋಡಿಸಿಟ್ಟಿದ್ದ. ಒಂದನ್ನು ಪ್ಲೇಯರಿಗೆ ಹಾಕಿದರೆ ಒಂದು ಮಗ್ಗುಲು ಮುಗಿಯುವವರೆಗೆ ನಿಲ್ಲುವಂತಿಲ್ಲ. ಹಾಡುಗಳ ನಡುವೆ ಬಿಡುವೇ ಇಲ್ಲ. ಒಬ್ಬ ಹಾಡುತ್ತ, ಅಲ್ಲ, ಉಸಿರುಗಟ್ಟಿ ನುಡಿಯುತ್ತ ಇರುವಾಗಲೇ ಕೆಳಗಿನ ತಾಳ ಬದಲಾಗುತ್ತದೆ. ಇನ್ನೊಂದು ದನಿ ನುಗ್ಗುತ್ತದೆ. ಅದು ತನ್ನ ಎರಡು ನಿಮಿಷ ಮುಗಿಸಿ ಮೂರನೆಯವನಿಗೆ ಜಾಗ ಬಿಡುತ್ತದೆ. ಜಾತ್ರೆಯ ಗದ್ದಲದಲ್ಲಿ ನಡೆಯುತ್ತ ಹೋದಂತೆ. ಕ್ಯಾಸೆಟ್ಟಿನ ಮುಖಪುಟದ ಮೇಲೆ ದೊಡ್ಡದಾಗಿ ಇರುವುದು ಹಾಡುವವರ ಹೆಸರಲ್ಲ, ಎಲ್ಲರನ್ನೂ ಕಲೆಹಾಕಿ ಹೆಣೆದ ಡಿಜೆಯ ಇಲ್ಲವೇ ಅವನ ಕ್ಲಬ್ಬಿನ ಹೆಸರು, ಜೊತೆಗೆ ಒಂದು ಸಂಖ್ಯೆ. ‘ಪ್ಲಾಯೆರೊ 37’, ‘ಪ್ಲಾಯೆರೊ 38’, ‘ದ ನಾಯ್ಸ್ 5’. ರೆಗೆಟಾನ್ ಎಂಬ ಪೋರ್ಟೊರಿಕೊದ ಈ ಕುಣಿತದ ಸಂಗೀತ ಬೆಳೆದ ತೊಟ್ಟಿಲು ಇವೇ, ಈ ಸಂಕಲನಗಳು.

ಆಗ ಅದಕ್ಕೆ ರೆಗೆಟಾನ್ ಎಂಬ ಹೆಸರೂ ಗಟ್ಟಿಯಾಗಿರಲಿಲ್ಲ. ಜನ ‘ಅಂಡರ್‌ಗ್ರೌಂಡ್’ ಎನ್ನುತ್ತಿದ್ದರು. ಕೆಲವರು ‘ಮೆಲಾಸಾ’, ಅಂದರೆ ಕಾಕಂಬಿ, ಎಂದರು. ಕಬ್ಬಿನ ಗದ್ದೆಗಳ ದ್ವೀಪಕ್ಕೆ ಒಪ್ಪುವ ಹೆಸರು. ರಾಜಧಾನಿ ಸಾನ್ ಹುವಾನ್‌ನ ಸರಕಾರಿ ವಸತಿ ಸಮುಚ್ಚಯಗಳಲ್ಲಿ, ಡಿಜೆ ಪ್ಲಾಯೆರೊನಂಥವರು ಮನೆಯಲ್ಲೇ ಹುಡುಗರನ್ನು ಕೂರಿಸಿಕೊಂಡು ಧ್ವನಿಮುದ್ರಿಸುತ್ತಿದ್ದರು. ಪ್ರತಿಗಳು ಕೈಯಿಂದ ಕೈಗೆ, ಕಾರಿನಿಂದ ಕಾರಿಗೆ ಹೋಗುತ್ತಿದ್ದವು. ಹದಿಹರೆಯದ ಡ್ಯಾಡಿ ಯಾಂಕಿಯ ದನಿ ಜನರ ಕಿವಿಗೆ ಬಿದ್ದದ್ದೂ ಹೀಗೆಯೇ.

ನನಗೆ ಸ್ಪ್ಯಾನಿಶ್ ಬರುತ್ತಿರಲಿಲ್ಲ. ಅದು ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು. ಅರ್ಥದ ಹಂಗಿಲ್ಲದೆ ಕಿವಿ ಬರೀ ದನಿಗಳನ್ನು ಗುರುತು ಹಿಡಿಯುವುದನ್ನು ಕಲಿಯಿತು. ಇವನದು ತುಸು ಮೂಗಿನ ದನಿ, ಅವನು ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ನುಂಗುತ್ತಾನೆ, ಇನ್ನೊಬ್ಬನದು ಸಮಕ್ಕಿಂತ ಕೂದಲೆಳೆಯಷ್ಟು ಮೊದಲೇ ಬೀಳುವ ನುಡಿ. ಸಂಕಲನ ಕೇಳುವ ಸುಖ ಇದು. ಒಬ್ಬನೇ ಗಾಯಕನ ಆಲ್ಬಮ್ಮಿನಲ್ಲಿ ಮುಂದೆ ಯಾರು ಬರುತ್ತಾರೆಂದು ಕಾಯಬೇಕಾಗಿಲ್ಲ. ಇಲ್ಲಿ ಕಾಯಬೇಕು. ಕಾದಿದ್ದಕ್ಕೆ ಸಿಗುವುದು ಎರಡೇ ನಿಮಿಷ.

ಅಂಥದೊಂದು ಮಧ್ಯಾಹ್ನ, ಒಂದು ಕರ್ಕಶ ಮಂದ್ರದ ದನಿ ಬಂತು. ತಗ್ಗಿನಿಂದ ಎದ್ದದ್ದು, ಒರಟು, ಆದರೆ ಒಂದಕ್ಷರವೂ ಜಾರದ ಖಚಿತತೆ. ಗಂಡಸಿನದು ಅಂದುಕೊಂಡೆ. ಯಜಮಾನ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿ, ಕನ್ನಡಿಯೊಳಗಿಂದ ನನ್ನನ್ನು ನೋಡಿ, ‘ಲಾ ಕಬಯೋಟಾ’ ಎಂದ. ದೊಡ್ಡ ಕುದುರೆ ಎಂಬಂಥ ಮಾತು, ಹೆಣ್ಣುಲಿಂಗದಲ್ಲಿ. ಐವಿ ಕ್ವೀನ್‌ಳ ಅಭಿಮಾನದ ಹೆಸರು ಅದು.

ಮಾರ್ತಾ ಇವೆಲಿಸ್ಸೆ ಪೆಸಾಂತೆ ರೊದ್ರೀಗೆಸ್ ಆಕೆಯ ಪೂರ್ಣ ಹೆಸರು. 1972ರಲ್ಲಿ ಹುಟ್ಟಿದವಳು, ದ್ವೀಪದ ಪಶ್ಚಿಮ ದಂಡೆಯ ಅನ್ಯಾಸ್ಕೊ ಅವಳ ಊರು. ರಾಜಧಾನಿ ಇರುವುದು ಇನ್ನೊಂದು ದಿಕ್ಕಿನಲ್ಲಿ. ಹದಿನೆಂಟರ ಸುಮಾರಿಗೆ ಬರೆದಿಟ್ಟ ಪದ್ಯಗಳೊಂದಿಗೆ ಸಾನ್ ಹುವಾನ್‌ಗೆ ಬಂದು ಡಿಜೆ ನೆಗ್ರೊನನ್ನು ಕಂಡಳು. ‘ದ ನಾಯ್ಸ್’ ಎಂಬುದು ಅವನ ಕ್ಲಬ್ಬಿನ ಹೆಸರು, ಅಲ್ಲಿಂದ ಹೊರಟ ಸಂಕಲನ ಮಾಲಿಕೆಯ ಹೆಸರೂ ಅದೇ. 1995ರಲ್ಲಿ ಅವಳು ಆ ಬಳಗ ಸೇರಿದಳು. ಇಡೀ ಬಳಗಕ್ಕೆ ಒಬ್ಬಳೇ ಹೆಣ್ಣು.

ಆ ವರ್ಷವನ್ನು ಸ್ವಲ್ಪ ನಿಂತು ನೋಡಬೇಕು. ಅಪರಾಧ ತಡೆಯುವ ಹೆಸರಿನಲ್ಲಿ 1993ರಿಂದಲೇ ಗವರ್ನರ್ ಪೆದ್ರೊ ರೊಸೆಯೊ ವಸತಿ ಸಮುಚ್ಚಯಗಳಿಗೆ ಪೊಲೀಸರ ಜೊತೆ ನ್ಯಾಷನಲ್ ಗಾರ್ಡ್ ಪಡೆಯನ್ನೂ ನುಗ್ಗಿಸಿದ್ದ. ‘ಮಾನೊ ದೂರಾ’, ಬಿಗಿ ಮುಷ್ಟಿ, ಎಂದು ಆ ನೀತಿಯ ಹೆಸರು. 1995ರ ಫೆಬ್ರವರಿಯಲ್ಲಿ ಪೊಲೀಸರು ಸಾನ್ ಹುವಾನ್‌ನ ಆರು ಕ್ಯಾಸೆಟ್ ಅಂಗಡಿಗಳ ಮೇಲೆ ದಾಳಿ ಮಾಡಿ ಅಶ್ಲೀಲವೆಂಬ ಕಾರಣಕ್ಕೆ ಅಂಡರ್‌ಗ್ರೌಂಡ್ ಕ್ಯಾಸೆಟ್‌ಗಳನ್ನೂ ಸಿಡಿಗಳನ್ನೂ ಎತ್ತಿಕೊಂಡು ಹೋದರು. ಆ ಹಾಡುಗಳಲ್ಲಿ ಕೊಳಕು ಮಾತು, ಬಂದೂಕಿನ ಜಂಭ, ಹೆಣ್ಣಿನ ಬಗ್ಗೆ ಹಗುರ ಮಾತು ಇದ್ದದ್ದು ನಿಜ. ಕೆಲವನ್ನು ಇಂದಿಗೂ ನನಗೆ ಪೂರ್ತಿ ಕೇಳಲಾಗುವುದಿಲ್ಲ. ಆದರೆ ಬಡವರ ಬೀದಿಯ ಮಾತಿಗೆ ಲಾಠಿ ಉತ್ತರವಾಗಬಾರದು. ಕೊಳಕಿಗೆ ಉತ್ತರ ಒಳಗಿನಿಂದಲೇ ಬರಬೇಕು, ಅದೇ ತಾಳದ ಮೇಲೆ. ಐವಿ ಕ್ವೀನ್ ಕೊಟ್ಟದ್ದು ಅಂಥ ಉತ್ತರವನ್ನೇ. ‘ದ ನಾಯ್ಸ್ 5’ರಲ್ಲಿ ಬಂದ ಅವಳ ಮೊದಲ ಹಾಡಿನ ಶೀರ್ಷಿಕೆಯೇ ‘ನಾವು ರ‍್ಯಾಪ್ ಹಾಡುವವರು, ಪಾತಕಿಗಳಲ್ಲ’ ಎಂದು ಸಾರುತ್ತದೆ. ತುಂಬ ಗಂಡಸರೇ ಇರುವ ಕೋಣೆಯೊಳಗೆ ಬಂದ ಒಬ್ಬ ಹೆಂಗಸು, ಬಂದ ಕೂಡಲೇ ಎಲ್ಲರ ಪರವಾಗಿ ಮಾತಾಡುತ್ತಾಳೆ. ಇದನ್ನು ಯಾವಾಗ ನೆನೆದರೂ ನನ್ನ ಮೈ ಜುಂ ಎನ್ನುತ್ತದೆ.

ತಾಳದ ಮಾತಿಗೆ ಮರಳುತ್ತೇನೆ, ಏಕೆಂದರೆ ಅದನ್ನು ಬಿಟ್ಟರೆ ಈ ಹಾಡುಗಳ ಕುಟುಂಬ ಅರ್ಥವಾಗುವುದಿಲ್ಲ. ನಮ್ಮ ಹಳೆಯ ನಾಟಕಗಳ ಪದ್ಯದ ಪುಸ್ತಕ ತೆರೆದರೆ ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತದೆ. ಮಟ್ಟು ಒಂದೇ, ಅದರ ಮೇಲೆ ಕೂರುವ ಮಾತು ನೂರು. ಜಮೈಕಾದಲ್ಲಿ ಇದನ್ನು ‘ರಿದಿಮ್’ ಎನ್ನುತ್ತಾರೆ. 1989ರಲ್ಲಿ ಸ್ಟೀಲಿ ಮತ್ತು ಕ್ಲೀವಿ ಎಂಬ ಜೋಡಿ ‘ಫಿಶ್ ಮಾರ್ಕೆಟ್’ ಎಂಬ ರಿದಿಮ್ ಕಟ್ಟಿದರು. ಶಬ್ಬಾ ರ‍್ಯಾಂಕ್ಸ್ ಎಂಬ ಅಲ್ಲಿನ ಗಾಯಕ 1990ರ ಸುಮಾರಿಗೆ ಹಾಡಿದ ‘ಡೆಮ್ ಬೋ’ದಲ್ಲಿ ಆ ಅಚ್ಚು, ಅಂದರೆ ನನ್ನ ಅಡುಗೆಕಟ್ಟೆಯ ‘ತಕಿಟ ತಕಿಟ ತಕ’, ಇದೆ. ಪನಾಮಾ ಕಾಲುವೆ ತೋಡಲು ಹೋಗಿ ಅಲ್ಲೇ ನೆಲೆನಿಂತ ಕೆರಿಬಿಯನ್ ಕೂಲಿಗಳ ಪೀಳಿಗೆಯಿಂದ ಬಂದ ನಾಂದೊ ಬೂಮ್, ಎಲ್ ಹೆನೆರಾಲ್ ಮುಂತಾದವರು ಅಂಥ ಮಟ್ಟುಗಳ ಮೇಲೆ ಸ್ಪ್ಯಾನಿಶ್ ಮಾತು ಕೂರಿಸಿದರು. ನ್ಯೂಯಾರ್ಕಿನ ಸ್ಟುಡಿಯೊಗಳಲ್ಲಿ ಅದು ಮತ್ತೊಮ್ಮೆ ತಿದ್ದಿಸಿಕೊಂಡಿತು. ಆಮೇಲೆ ಸಾನ್ ಹುವಾನ್‌ನ ಡಿಜೆಗಳ ಕೈಗೆ ಬಂದು, ತುಂಡಾಗಿ, ಮತ್ತೆ ಕೂಡಿ, ಸಾವಿರಾರು ಹಾಡುಗಳ ಬೆನ್ನೆಲುಬಾಯಿತು. ಈ ಎರವಲಿನ ಲೆಕ್ಕ ಕೇಳಿಯೇ ಸ್ಟೀಲಿ–ಕ್ಲೀವಿ ಕಡೆಯವರು 2021ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಹೋದರು. ದಾವೆಯಲ್ಲಿ ಹೆಸರಿಸಿದ ಹಾಡುಗಳ ಸಂಖ್ಯೆ ಮುಂದೆ 1,800 ದಾಟಿತು. ಮಟ್ಟನ್ನು ಯಾರೂ ಬೇಲಿ ಹಾಕಿ ಕಾಯಬಾರದೆಂದೇ ನನಗೆ ಅನಿಸುತ್ತದೆ. ಆದರೆ ‘ಇಂಥವರ ಮಟ್ಟು’ ಎಂದು ಹಾಡಿನ ತಲೆಯ ಮೇಲೆ ಬರೆಯುವ ನಮ್ಮ ಹಿರಿಯರ ಪದ್ಧತಿ ಅಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

1997ರಲ್ಲಿ ಐವಿ ಕ್ವೀನ್‌ಳ ಸ್ವಂತ ಆಲ್ಬಮ್ ‘ಎನ್ ಮಿ ಇಂಪೇರಿಯೊ’ ಬಂತು. ಮರುವರ್ಷ ದೊಡ್ಡ ಕಂಪನಿಯ ನೆರಳಿನಲ್ಲೇ ‘ದಿ ಒರಿಜಿನಲ್ ರೂಡ್ ಗರ್ಲ್’; ಅರ್ಧ ಇಂಗ್ಲಿಷ್, ಹಿಪ್‌ಹಾಪ್‌ನ ಕಡೆಗೆ ವಾಲಿದ್ದು, ರ‍್ಯಾಪ್ ಗಾಯಕ ವೈಕ್ಲಿಫ್ ಜೀನ್ ಜೊತೆಗೊಂದು ಹಾಡು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಕಂಪನಿಯ ಒಪ್ಪಂದ ಮುಗಿಯಿತು, ಸ್ವಲ್ಪ ಕಾಲ ಅವಳ ಸುದ್ದಿಯೂ ಇಲ್ಲ. ಆ ಆಲ್ಬಮ್ಮನ್ನು ನಾನು ಬಹಳ ಸಲ ಕೇಳಿದ್ದೇನೆ. ದನಿ ಅದೇ, ಆದರೆ ಅದರ ಎದುರು ಯಾರೂ ಇಲ್ಲ. ಜಗ್ಗಾಡಲು ಪಕ್ಕದ ದನಿ ಇಲ್ಲದೆ ಅದು ಸೊರಗಿದಂತೆ ನನಗೆ ಕೇಳಿಸುತ್ತದೆ.

ಹೊಸ ಶತಮಾನದ ಆರಂಭದಲ್ಲಿ ಅವಳು ಮರಳಿದ್ದು ಸಂಕಲನಗಳಿಗೇ. ದೊಡ್ಡ ಕಂಪನಿಗಳು ಕೈಬಿಟ್ಟ ಹೊತ್ತಿನಲ್ಲಿ, ಒಂದು ಹಾಡಿಗೆ, ಎರಡು ಹಾಡಿಗೆ ಜಾಗ ಕೊಡುತ್ತಿದ್ದ ಹಳೆಯ ತೊಟ್ಟಿಲು. ‘ಕಿಯೆರೊ ಬೈಲಾರ್’ ಮೊದಲು ಕೇಳಿಸಿದ್ದೂ ಒಂದು ಸಂಕಲನದಲ್ಲಿ. ಆಮೇಲೆ ಅದು 2003ರ ಅವಳ ‘ದೀವಾ’ ಆಲ್ಬಮ್ಮಿನ ಮರುಮುದ್ರಣವನ್ನು ಸೇರಿತು. ಅದರ ಮಟ್ಟೂ ಜಮೈಕಾದ್ದೇ, ಜೆರೆಮಿ ಹಾರ್ಡಿಂಗ್ ಕಟ್ಟಿದ ‘ಲಿಕ್ವಿಡ್’ ರಿದಿಮ್. ಅದನ್ನಿಟ್ಟುಕೊಂಡು ಹಾಡು ಹೊಸೆದವನು ರಾಫಿ ಮರ್ಸೆನಾರಿಯೊ. ಹಾಡಿನ ಒಟ್ಟು ಮಾತು ಇಷ್ಟು: ನಾನು ಕುಣಿಯಲು ಬಂದಿದ್ದೇನೆ, ನಿನ್ನೊಡನೆ ಬೆವರುತ್ತೇನೆ, ಅಷ್ಟಕ್ಕೇ ನಿನ್ನೊಡನೆ ಮಲಗಲು ಬರುತ್ತೇನೆಂದು ತಿಳಿಯಬೇಡ. 2002ರಲ್ಲಿ ಪೋರ್ಟೊರಿಕೊದ ಸೆನೆಟರ್ ವೆಲ್ದಾ ಗೊನ್ಸಾಲೆಸ್ ಈ ಹಾಡುಗಳ ವಿಡಿಯೊಗಳ ವಿರುದ್ಧ, ಮೈಗೆ ಮೈ ತಾಗುವ ‘ಪೆರ‍್ರೆಯೊ’ ಕುಣಿತದ ವಿರುದ್ಧ ದನಿ ಎತ್ತಿದ್ದರು. ಆ ಚರ್ಚೆಯಲ್ಲಿ ಒಂದು ಕಡೆಯವರು ಹೆಣ್ಣಿನ ಮಾನ ಎಂದರು, ಇನ್ನೊಂದು ಕಡೆಯವರು ಹಾಡುವವರ ಸ್ವಾತಂತ್ರ್ಯ ಎಂದರು. ಕುಣಿಯುವ ಹೆಣ್ಣಿಗೆ ಏನು ಬೇಕು ಎಂಬುದನ್ನು ಮೂರೇ ನಿಮಿಷದಲ್ಲಿ, ಅದೇ ಕುಣಿತದ ತಾಳದ ಮೇಲೆ ನಿಂತು ಹೇಳಿದವಳು ಇವಳು.

ಅರ್ಥ ತಿಳಿದ ಮೇಲೆ ನಾನು ಆ ಹಾಡನ್ನು ಬೇರೆಯೇ ಆಗಿ ಕೇಳತೊಡಗಿದೆ. ‘ಇಲ್ಲ’ ಎನ್ನುವ ಕಡೆ ಅವಳು ದನಿ ಏರಿಸುವುದಿಲ್ಲ. ಇನ್ನಷ್ಟು ಕೆಳಗೆ, ಎದೆಯ ಹತ್ತಿರಕ್ಕೆ ಇಳಿಸುತ್ತಾಳೆ. ಗಂಡಸರ ನಡುವೆ ಎರಡು ನಿಮಿಷದೊಳಗೆ ತನ್ನನ್ನು ಗುರುತು ಹಿಡಿಸಿಕೊಳ್ಳಬೇಕಾದವಳು ಕಲಿತ ಕಸುಬು ಅದು; ಕಿರುಚುವವರ ಪಕ್ಕದಲ್ಲಿ ತಗ್ಗಿದ ದನಿಯೇ ಎದ್ದು ಕಾಣುತ್ತದೆ.

ಅದೇ 2003ರಲ್ಲಿ ಲೂನಿ ಟ್ಯೂನ್ಸ್ ಎಂಬ ಸಂಗೀತ ನಿರ್ಮಾಪಕರ ಜೋಡಿ, ಇನ್ನೊಬ್ಬ ನಿರ್ಮಾಪಕ ನೊರಿಯೆಗಾನ ಜೊತೆ ಸೇರಿ ‘ಮಾಸ್ ಫ್ಲೋ’ ಸಂಕಲನ ತಂದಿತು. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್‌ಗೆ ಬಂದು, ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ದುಡಿದ ಹುಡುಗರು ಆ ಜೋಡಿ. ಅವರ ಕೈಯಲ್ಲಿ ಸದ್ದು ನುಣುಪಾಯಿತು, ಹಾಡುಗಳ ನಡುವೆ ಬಿಡುವು ಬಂತು, 2004ರಲ್ಲಿ ‘ಗಸೊಲೀನಾ’ ಬಂತು, ಜಗತ್ತು ತಿರುಗಿ ನೋಡಿತು. ನನಗೆ ‘ಮಾಸ್ ಫ್ಲೋ’ ಇಷ್ಟವೇ. ಆದರೂ ಹೆಣೆದುಕೊಂಡೇ ಓಡುವ ಹಳೆಯ ಮಗ್ಗುಲುಗಳ ಬಿಸಿ ಅದರಲ್ಲಿಲ್ಲ.

ಆ ಬಿಸಿ ಮತ್ತೆ ತಾಗಿದ್ದು 2020ರಲ್ಲಿ, ಪೋರ್ಟೊರಿಕೊದ ಹೊಸ ತಲೆಮಾರಿನ ಗಾಯಕ ಬ್ಯಾಡ್ ಬನಿಯ ‘ಸಫಾಯೆರಾ’ ಕೇಳಿದಾಗ. ಐದು ನಿಮಿಷದೊಳಗೆ ತಾಳ ಮತ್ತೆ ಮತ್ತೆ ಮುರಿದು ಬೇರೆಯಾಗುತ್ತದೆ, ದನಿಗಳು ಒಂದನ್ನೊಂದು ತಳ್ಳಿಕೊಂಡು ಬರುತ್ತವೆ. ಒಂದು ಇಡೀ ಕ್ಯಾಸೆಟ್ಟನ್ನು ಮಡಚಿ ಒಂದೇ ಹಾಡಿನೊಳಗೆ ಇಟ್ಟಂತೆ. ಕೂತಲ್ಲಿಂದ ಎದ್ದು ನಿಂತಿದ್ದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಬಿಲ್‌ಬೋರ್ಡ್ ಲ್ಯಾಟಿನ್ ಪ್ರಶಸ್ತಿಯ ವೇದಿಕೆಯ ಮೇಲೆ ಅವನು ‘ಯೊ ಪೆರ‍್ರೆಯೊ ಸೋಲಾ’ ಹಾಡಿದ. ಒಬ್ಬಳೇ ಕುಣಿಯುತ್ತೇನೆ ಎನ್ನುವ ಹೆಣ್ಣಿನ ಹಾಡು ಅದು. ಜೊತೆಗೆ ಹಾಡಲು ಬಂದವರು ಇಬ್ಬರು: ಹೊಸ ಹುಡುಗಿ ನೆಸಿ, ಮತ್ತು ಐವಿ ಕ್ವೀನ್. ಅವಳಿಗಾಗ 48. ದನಿ ಇನ್ನೂ ತಗ್ಗಿಗೆ ಇಳಿದಿತ್ತು.

ಹಾರ್ಟ್‌ಫರ್ಡ್ ಬಿಡುವ ವಾರ ಯಜಮಾನ ತನ್ನ ಡ್ರಾದಿಂದ ಒಂದು ಕ್ಯಾಸೆಟ್ಟಿನ ಪ್ರತಿ ಮಾಡಿಕೊಟ್ಟಿದ್ದ. ಮುಖಪುಟವಿಲ್ಲ, ಹೆಸರಿಲ್ಲ, ಬಿಳಿ ಚೀಟಿಯ ಮೇಲೆ ‘96’ ಎಂದು ಮಾತ್ರ ಬರೆದಿದ್ದ. ಬೆಂಗಳೂರಿಗೆ ಬಂದ ಮೇಲೆ ಹಳೆಯ ಪ್ಲೇಯರೊಂದನ್ನು ರಿಪೇರಿ ಮಾಡಿಸಿ, ಒಂದು ನೋಟುಪುಸ್ತಕವನ್ನೂ ಇಟ್ಟುಕೊಂಡೆ. ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ಒಂದು ಮಗ್ಗುಲು. ಯಾವ ನಿಮಿಷದಲ್ಲಿ ಯಾರ ದನಿ, ಕೆಳಗೆ ಯಾವ ಮಟ್ಟು, ಎಲ್ಲಿ ತಿರುವು ಎಂದು ಪೆನ್ಸಿಲ್ಲಿನಲ್ಲಿ ಗುರುತು. ಟೇಪು ಸಡಿಲವಾದಾಗ ಸುತ್ತುವುದೂ ಅದೇ ಪೆನ್ಸಿಲ್ಲಿನಿಂದ. ಐವಿ ಕ್ವೀನ್ ಎರಡನೆಯ ಮಗ್ಗುಲಿನ ಹನ್ನೊಂದನೆಯ ನಿಮಿಷಕ್ಕೆ ಬರುತ್ತಾಳೆ. ಅವಳು ಮುಗಿಸುವ ಮುನ್ನವೇ ತಾಳ ತಿರುಗಿ ಒಬ್ಬ ಹುಡುಗ ನುಗ್ಗುತ್ತಾನೆ. ದನಿ ಇನ್ನೂ ಒಡೆಯುತ್ತಿರುವ ವಯಸ್ಸು. ನಾಲ್ಕನೆಯ ಅಕ್ಷರಕ್ಕೆ ಬೀಳಬೇಕಾದದ್ದನ್ನು ಬೇಕೆಂದೇ ತಡೆದು ಐದಕ್ಕೆ ಬೀಳಿಸುತ್ತಾನೆ, ಒಂದು ನಿಮಿಷ ಹತ್ತು ಸೆಕೆಂಡು, ಆಮೇಲೆ ಇಲ್ಲ. ಆ ಸಾಲಿನ ಎದುರು ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಈ ಭಾನುವಾರ ಮತ್ತೆ ಅಲ್ಲಿಗೇ ಸುತ್ತಿ ಕೇಳುವುದಿದೆ.