ಕೆಂಪೇರಿದ ಆಕಾಶ ಮತ್ತು ಅಂತ್ಯದಿನದ ವದಂತಿ

2024ರ ಮೇ 10ರ ತಡರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ಆ ಚಿತ್ರ ಶಿರಗುಪ್ಪಿಯ ನಮ್ಮ ಮೊಬೈಲುಗಳನ್ನು ತಲುಪಿದಾಗ, ‘ಕಿಯಾಮತ್ ಸಮೀಪಿಸಿತು’ ಎಂಬ ಒಕ್ಕಣೆಯೂ ಜೊತೆಗಿತ್ತು, ಹಿರಿಯರೂ ಕಳವಳಗೊಂಡರು.

ಸೂರ್ಯನಿಂದ ಸಿಡಿದ ವಿದ್ಯುತ್ಕಣಗಳ ಮೋಡವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ ಧ್ರುವಗಳ ಮೇಲಣ ವಾಯುಮಂಡಲ ಕಾದು ಹಿಗ್ಗುತ್ತದೆ. ಅಲ್ಲಿಯ ಆಮ್ಲಜನಕ ಸುಮಾರು 100 ಕಿ.ಮೀ. ಎತ್ತರದಲ್ಲಿ ಹಸಿರಾಗಿ, 200 ಕಿ.ಮೀ.ಗಿಂತ ಮೇಲೆ ಕೆಂಪಾಗಿ ಬೆಳಗುತ್ತದೆ. ಅಂದಿನ ಸೌರಬಿರುಗಾಳಿ 2003ರ ಬಳಿಕ ಅತಿ ಪ್ರಬಲವಾದುದು. ಹಾಗಾಗಿ ಇಷ್ಟು ದಕ್ಷಿಣಕ್ಕೂ ಕಂಡಿತು.

ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನರು ಎರಡನ್ನೂ ತಳಕುಹಾಕಿದರು. ಪುತ್ರಶೋಕದಲ್ಲಿದ್ದರೂ ಅವರು ಗ್ರಹಣದ ನಮಾಝ್ ನಿರ್ವಹಿಸಿ, ಯಾರ ಮರಣಕ್ಕಾಗಿಯೂ ಗ್ರಹಣ ಹಿಡಿಯದು, ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದು ತಿದ್ದಿದರು. ಆ ಸಂದೇಶವನ್ನು ನಾವು ಯಾರಿಗೂ ಕಳುಹಿಸಲಿಲ್ಲ.